ಪಾರಿಜಾತಕ್ಕೆಷ್ಟು, ತೆರಬಂಡಿಗೆಷ್ಟು: ಅಪ್‌ಲೋಡ್ ವಿಡಿಯೊದ ಬಿಟ್‌ರೇಟ್ ಲೆಕ್ಕ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ವಿಡಿಯೊಗಳನ್ನು ಯೂಟ್ಯೂಬಿನಲ್ಲಿ ಹುಡುಕಿದರೆ ಶ್ರೀಕೃಷ್ಣ ಪಾರಿಜಾತದ ಆಟ, ಎತ್ತಿನ ತೆರಬಂಡಿ ಸ್ಪರ್ಧೆ, ಭಜನಾ ಪದ, ಸೀರೆಯ ಹೊಸ ಸ್ಟಾಕು, ಮುಧೋಳ ನಾಯಿ ಎಲ್ಲವೂ ಸಿಗುತ್ತವೆ. ಒಂದೇ ದರ್ಜೆಯ ಕ್ಯಾಮೆರಾದಲ್ಲಿ ತೆಗೆದಿದ್ದರೂ ಒಂದು ತಿಳಿಯಾಗಿ ಕಂಡರೆ ಇನ್ನೊಂದು ಚೌಕಚೌಕವಾಗಿ ಒಡೆದಿರುತ್ತದೆ. ಬಹಳಷ್ಟು ಸಲ ಕೆಡುವುದು ಶೂಟಿಂಗ್‌ನಲ್ಲಲ್ಲ, ಎಕ್ಸ್‌ಪೋರ್ಟ್ ಮಾಡುವಾಗ.

ಸೆಕೆಂಡಿಗೆ 25 ಫ್ರೇಮಿನ ಫುಲ್ ಎಚ್‌ಡಿ ದೃಶ್ಯವನ್ನು ಕುಗ್ಗಿಸದೆ ಇಟ್ಟರೆ ಸೆಕೆಂಡಿಗೆ ಸುಮಾರು 620 ಮೆಗಾಬಿಟ್ ಬೇಕು. ಯೂಟ್ಯೂಬ್ ಕೇಳುವುದು 8. ಕೋಡೆಕ್ ಎಂಬ ಲೆಕ್ಕಿಗ ಪ್ರತಿ ಫ್ರೇಮನ್ನೂ ಪೂರ್ತಿ ಬರೆಯದೆ, ಹಿಂದಿನದಕ್ಕಿಂತ ಬದಲಾದದ್ದನ್ನಷ್ಟೇ ಬರೆದುಕೊಂಡು ಈ ಉಳಿತಾಯ ಮಾಡುತ್ತಾನೆ.

1997ರಲ್ಲಿ ಬಾಗಲಕೋಟೆ ಜಿಲ್ಲೆ ಆದಾಗ ಮದುವೆ ಶೂಟಿಂಗ್ ಎಂದರೆ ವಿಎಚ್‌ಎಸ್ ಕ್ಯಾಸೆಟ್ಟು. ಆಮೇಲೆ ವಿಸಿಡಿ ಬಂತು: ಎಂಪೆಗ್-1, 352x288 ಚುಕ್ಕೆ, ಡಿಸ್ಕಿಗೆ 74 ನಿಮಿಷ. ರಾತ್ರಿಯಿಡೀ ಆಡುವ ಪಾರಿಜಾತ ಅದರಲ್ಲಿ ಹಿಡಿಸಬೇಕೆಂದರೆ ಡಿಸ್ಕಿನ ಕಟ್ಟೇ ಬೇಕು. ಎಂಪೆಗ್-2ರ ಡಿವಿಡಿ ಚಿತ್ರವನ್ನು 720x576ಕ್ಕೆ ಏರಿಸಿತು. 2005ರಲ್ಲಿ ಯೂಟ್ಯೂಬ್ ಶುರುವಾದರೂ 2010ರವರೆಗೆ ಸಾಮಾನ್ಯ ಖಾತೆಗೆ 10 ನಿಮಿಷದ ಮಿತಿ ಇತ್ತು. ಆ ಕಾಲದ ಮೊಬೈಲಿನ 3ಜಿಪಿ ತುಣುಕುಗಳು 176x144. ಮುಖ ಗುರುತು ಸಿಕ್ಕರೆ ಅದೇ ದೊಡ್ಡದು. 2003ರಲ್ಲೇ ಸಿದ್ಧವಾಗಿದ್ದ ಎಚ್.264 ನಿಧಾನವಾಗಿ ಎಲ್ಲ ಕಡೆ ನೆಲೆಯೂರಿತು. 2016ರಲ್ಲಿ ಜಿಯೊ ಬಂದ ಮೇಲೆ ಹಳ್ಳಿಯ ಕಾರ್ಯಕ್ರಮ ಆ ದಿನವೇ ಮೊಬೈಲಿಗೆ ಬರತೊಡಗಿತು. 2013ರ ಎಚ್‌ಇವಿಸಿ, ವಿಪಿ9, 2018ರ ಎವಿ1 ಇನ್ನೂ ಕಡಿಮೆ ಬಿಟ್‌ನಲ್ಲಿ ಕೆಲಸ ಮುಗಿಸುತ್ತವೆ. ಆದರೆ ಅಪ್‌ಲೋಡಿಗೆ ಎಂಪಿ4ರೊಳಗಿನ ಎಚ್.264 ಸಾಕು, ಸೈಟು ಹೇಗೂ ತನ್ನ ಲೆಕ್ಕದಲ್ಲಿ ಮತ್ತೊಮ್ಮೆ ಕುಗ್ಗಿಸಿಕೊಳ್ಳುತ್ತದೆ.

ನನ್ನ ಮಟ್ಟಿಗೆ ಕೋಡೆಕ್ ಹೆಸರಿಗಿಂತ ಮುಖ್ಯವಾದದ್ದು ಎದುರಿಗಿರುವ ದೃಶ್ಯ. ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮನಂಥವರು ಬೆಳೆಸಿದ ಪಾರಿಜಾತದಲ್ಲಿ ಪಾತ್ರಧಾರಿಗಳ ಓಡಾಟ ಕಡಿಮೆ, ಹಾಡು ಹೆಚ್ಚು. ಇದಕ್ಕೆ ಕಡಿಮೆ ಬಿಟ್ ಸಾಕು ಅನಿಸುತ್ತದೆ. ಆದರೆ ರಾತ್ರಿ ಮಂದ ಬೆಳಕಿನಲ್ಲಿ ಕ್ಯಾಮೆರಾ ಐಎಸ್‌ಒ ಏರಿಸಿದರೆ ಕತ್ತಲೆಯ ತುಂಬ ಮರಳು ಎರಚಿದ ಹಾಗೆ ಚುಕ್ಕೆಗಳು ಏಳುತ್ತವೆ. ಅವು ಫ್ರೇಮಿನಿಂದ ಫ್ರೇಮಿಗೆ ಬದಲಾಗುವುದರಿಂದ ಕೋಡೆಕ್ ಅವನ್ನೂ ಹೊಸ ಸಂಗತಿ ಎಂದು ಬರೆಯುತ್ತ ಕೂರುತ್ತದೆ. ಸತ್ಯಭಾಮೆಯ ಮುಖಕ್ಕೆ ಬಿಟ್ ಉಳಿಯುವುದಿಲ್ಲ. ಎಕ್ಸ್‌ಪೋರ್ಟ್‌ಗೆ ಮೊದಲು ಹದವಾಗಿ ಈ ಚುಕ್ಕೆಗಳನ್ನು (ನಾಯ್ಸ್) ತೆಗೆದರೆ ಅಷ್ಟೇ ಬಿಟ್‌ರೇಟಿನಲ್ಲಿ ಚಿತ್ರ ಎಷ್ಟೋ ಸುಧಾರಿಸುತ್ತದೆ. ಹಾರ್ಮೋನಿಯಂ ಮತ್ತು ದನಿಗೆ ಮಾತ್ರ ಜುಗ್ಗತನ ಬೇಡ: ಎಎಸಿ ಸ್ಟಿರಿಯೊ, 384 ಕಿಲೊಬಿಟ್.

ತೆರಬಂಡಿಯ ಕಥೆಯೇ ಬೇರೆ. ಎತ್ತು, ಧೂಳು, ಎರಡೂ ಬದಿ ಜನ, ಜೊತೆಗೆ ಓಡುವ ಕ್ಯಾಮೆರಾ. ಇಡೀ ಫ್ರೇಮು ಪ್ರತಿ ಕ್ಷಣ ಬದಲಾಗುತ್ತದೆ. ಇಲ್ಲಿ 1080ಪಿಯಲ್ಲಿ 50 ಫ್ರೇಮು, 12 ಮೆಗಾಬಿಟ್ ಕೊಡಬೇಕು. ನೆಟ್ ತಾಳದಿದ್ದರೆ 4ಕೆ ಹಟ ಬಿಟ್ಟು 720ಪಿಗೆ ಇಳಿಯುವುದೇ ಜಾಣತನ. ಬಿಟ್ ಸಾಲದ 4ಕೆಗಿಂತ ಬಿಟ್ ತುಂಬಿದ 720ಪಿ ಚೆಂದ.

ರಬಕವಿ-ಬನಹಟ್ಟಿಯ ಸೀರೆ ವ್ಯಾಪಾರಿಗಳಿಗೆ ಬೇರೊಂದು ತೊಡಕು. ಸಾಮಾನ್ಯ ವಿಡಿಯೊದಲ್ಲಿ ಬೆಳಕಿನ ವಿವರ ಪೂರ್ತಿ ಉಳಿದರೂ ಬಣ್ಣದ ವಿವರ ಅಡ್ಡಕ್ಕೂ ಉದ್ದಕ್ಕೂ ಅರ್ಧವಾಗುತ್ತದೆ. ಅದಕ್ಕೇ ಕಪ್ಪು ಒಡಲಿನ ಮೇಲಿನ ಸಣ್ಣ ಕೆಂಪು ಎಳೆ ಅಂಚು ಬಿಟ್ಟು ಹರಡಿಕೊಳ್ಳುತ್ತದೆ. ಸಣ್ಣ ಚೌಕಳಿ ಅಲೆಯಾಡುವುದೂ ಉಂಟು. ಸೀರೆಯನ್ನು ಹತ್ತಿರದಿಂದ, ಅಲುಗಾಡಿಸದೆ ಹಿಡಿಯಿರಿ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ. ಮೂಲ ಫೈಲು ಹಾಗೇ ತಲುಪುತ್ತದೆ.

ನಮ್ಮ ವಿದ್ಯುತ್ತು 50 ಹರ್ಟ್ಜ್. ಮೊಬೈಲಿನ 30 ಫ್ರೇಮಿನಲ್ಲಿ ಟ್ಯೂಬ್‌ಲೈಟ್ ಅಡಿ ಪಟ್ಟೆ ಓಡಿದರೆ ಶಟರನ್ನು 1/50ಕ್ಕೆ, ಸಾಧ್ಯವಾದರೆ ಫ್ರೇಮನ್ನೂ 25ಕ್ಕೆ ಇಡಿ. ಎಕ್ಸ್‌ಪೋರ್ಟಿನಲ್ಲಿ ಅದೇ ಫ್ರೇಮ್ ದರ ಉಳಿಸಿ. ಅರ್ಧ ಗಂಟೆಯ ವಿಡಿಯೊ 8 ಮೆಗಾಬಿಟ್‌ನಲ್ಲಿ 1.8 ಜಿಬಿ ಆಗುತ್ತದೆ. 2 ಮೆಗಾಬಿಟ್ ಅಪ್‌ಲೋಡ್ ವೇಗದಲ್ಲಿ ಏರಲು ಎರಡು ತಾಸು. ರಾತ್ರಿ ಹಚ್ಚಿ ಮಲಗುವುದು ಒಳ್ಳೆಯದು.

ಎಲ್ಲಕ್ಕಿಂತ ಜೋಪಾನ ಬೇಕಾದದ್ದು ಬೀಳಗಿ ಕಡೆಯ ಹಳೆಯ ಕ್ಯಾಸೆಟ್ಟುಗಳಿಗೆ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಓಣಿ, ಗುಡಿ ಕೆಲವರ ಮದುವೆ ಕ್ಯಾಸೆಟ್ಟಿನ ಹಿನ್ನೆಲೆಯಲ್ಲಷ್ಟೇ ಉಳಿದಿರಬಹುದು. ಇವು ಇಂಟರ್‌ಲೇಸ್ ಚಿತ್ರಗಳು. ಒಂದು ಫ್ರೇಮಿನಲ್ಲಿ ಎರಡು ಕ್ಷಣದ ಗೆರೆಗಳು ಹೆಣೆದಿರುತ್ತವೆ. ಹಾಗೇ ಏರಿಸಿದರೆ ಅಲುಗಿದ ಕೈಯೆಲ್ಲ ಬಾಚಣಿಗೆಯ ಹಲ್ಲಾಗುತ್ತದೆ. ಡಿಇಂಟರ್‌ಲೇಸ್ ಮಾಡಿ, 50 ಫ್ರೇಮಿನ ಪ್ರೊಗ್ರೆಸಿವ್ ಆಗಿಸಿ ಏರಿಸಬೇಕು. ಕ್ಯಾಸೆಟ್ಟಿನಿಂದ ಮೊದಲು ಇಳಿಸಿಕೊಂಡ ದೊಡ್ಡ ಫೈಲನ್ನು ಮಾತ್ರ ಅಳಿಸಬೇಡಿ, ಎರಡು ಹಾರ್ಡ್‌ಡಿಸ್ಕಿನಲ್ಲಿಡಿ. ಯೂಟ್ಯೂಬಿನಿಂದ ಮರಳಿ ಇಳಿಸಿಕೊಳ್ಳುವುದು ಮೂಲವಲ್ಲ. ಕ್ಯಾಸೆಟ್ಟಿನ ಟೇಪು ಬೂಸ್ಟು ಹಿಡಿಯುತ್ತಿದೆ, ವಿಸಿಆರ್ ರಿಪೇರಿ ಮಾಡುವವರೂ ಅಪರೂಪವಾಗಿದ್ದಾರೆ; ಮನೆಯ ಅಟ್ಟದಲ್ಲಿ ಕ್ಯಾಸೆಟ್ಟು ಇದ್ದವರು ಈ ವರ್ಷವೇ ಆ ಕೆಲಸ ಮುಗಿಸಿಕೊಳ್ಳಿ.