ಮಂಗನ ಕಾಯಿಲೆಯ ವೈರಸ್

2012ರ ಕೊನೆಯಲ್ಲಿ ಬಂಡೀಪುರದ ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಅರಣ್ಯ ಸಿಬ್ಬಂದಿಗೂ ಜ್ವರ ತಗುಲಿತು. ಪರೀಕ್ಷೆಯಲ್ಲಿ ಪತ್ತೆಯಾದದ್ದು, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯ ವೈರಸ್.

ರಚನೆ
ವೈರಸ್ ಜೀವಕೋಶವಲ್ಲ. ಸುಮಾರು 50 ನ್ಯಾನೊಮೀಟರ್ ಅಗಲದ ಮಂಗನ ಕಾಯಿಲೆಯ ವೈರಸ್ ಕಣದ ನಡುವೆ ಒಂದೇ ಎಳೆಯ ಆರ್‌ಎನ್‌ಎ ಇದೆ. ಅದರ ಸುತ್ತ ಪ್ರೋಟೀನ್ ಕವಚ, ಹೊರಗೆ ಕೊಬ್ಬಿನ ಪೊರೆ.

ವರ್ಗೀಕರಣ
ಒಳಗಿರುವುದು ಡಿಎನ್‌ಎಯೋ ಆರ್‌ಎನ್‌ಎಯೋ, ಎಳೆ ಒಂದೋ ಎರಡೋ, ಹೊರಪೊರೆ ಇದೆಯೋ ಇಲ್ಲವೋ ಎಂಬುದನ್ನು ನೋಡಿ ವೈರಸ್‌ಗಳನ್ನು ವಿಂಗಡಿಸುತ್ತಾರೆ. ಮಂಗನ ಕಾಯಿಲೆಯ ವೈರಸ್ ಡೆಂಗಿ, ಹಳದಿ ಜ್ವರದ ವೈರಸ್‌ಗಳಿರುವ ಫ್ಲೇವಿವಿರಿಡೇ ಕುಟುಂಬಕ್ಕೆ ಸೇರಿದೆ. ಅವೆರಡು ಸೊಳ್ಳೆಯಿಂದ ಹರಡಿದರೆ ಇದು ಕಾಡಿನ ಉಣ್ಣೆಗಳಿಂದ ಹರಡುತ್ತದೆ.

ವೃದ್ಧಿ
1. ಉಣ್ಣೆ ಕಚ್ಚಿದಾಗ ದೇಹ ಸೇರಿದ ವೈರಸ್ ಜೀವಕೋಶಕ್ಕೆ ಅಂಟಿಕೊಂಡು ಒಳಸೇರುತ್ತದೆ.
2. ಪೊರೆ ಕಳಚಿ ಆರ್‌ಎನ್‌ಎ ಹೊರಬರುತ್ತದೆ.
3. ಜೀವಕೋಶದ ರೈಬೋಸೋಮ್‌ಗಳು ಆ ಆರ್‌ಎನ್‌ಎ ಓದಿ ವೈರಸ್‌ನ ಪ್ರೋಟೀನ್ ತಯಾರಿಸುತ್ತವೆ.
4. ಆರ್‌ಎನ್‌ಎಯ ಹೊಸ ಪ್ರತಿಗಳು ಹುಟ್ಟುತ್ತವೆ.
5. ಇವೆಲ್ಲ ಜೋಡಣೆಯಾಗಿ, ಹೊಸ ವೈರಸ್‌ಗಳು ಹೊರಬಿದ್ದು ಇತರ ಜೀವಕೋಶಗಳನ್ನು ಸೇರುತ್ತವೆ.

ಜೀವಕೋಶದ ಹೊರಗೆ ವೈರಸ್ ತಾನಾಗಿ ಬೆಳೆಯಲಾರದು. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ.

ಸಂದರ್ಶಕರ ಗಮನಕ್ಕೆ
ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ. ಕೂಡಲೇ ಅರಣ್ಯ ಸಿಬ್ಬಂದಿಗೆ ತಿಳಿಸಿ. ಕಾಡಿಗೆ ಹೋಗಿಬಂದ ಮೇಲೆ ಜ್ವರ ಬಂದರೆ ತಡಮಾಡದೆ ವೈದ್ಯರನ್ನು ಕಾಣಿ.