ಅಳಿಯಸಂತಾನದ ದಂಪತಿಗಳೂ ಮುಂಬಯಿಯ ಗಳಿಕೆಯೂ

ಮುಂಬಯಿಗೆ ಬಂದ ತುಳುನಾಡಿನವರ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಗಂಡಸರ ಚರಿತ್ರೆಯನ್ನಾಗಿಯೇ ಬರೆದಿದ್ದೇವೆ. ಹಡಗಿನಿಂದಿಳಿದ ಹುಡುಗ, ಹೋಟೆಲಿನ ಚಾಕರಿ, ರಾತ್ರಿಶಾಲೆ, ಕಡೆಗೊಂದು ಸ್ವಂತ ಹೋಟೆಲು: ಇದು ಪರಿಚಿತವಾದ ಕ್ರಮ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿಯೂ ಬಂಟರ ಸಂಘ 1927ರಲ್ಲಿಯೂ ಇಲ್ಲಿ ಹುಟ್ಟಿದುವೆಂಬುದನ್ನು ಎಲ್ಲರೂ ಬಲ್ಲರು. ಆದರೆ ಆ ಗಳಿಕೆಯಲ್ಲಿ ಹೆಂಡತಿಯ ಪಾಲೇನು, ಅವಳು ಊರಿನಲ್ಲಿ ಉಳಿಯಬೇಕೋ ಮುಂಬಯಿಗೆ ಬರಬೇಕೋ ಎಂಬ ನಿರ್ಣಯದಿಂದ ದಂಪತಿಗಳಿಗೆ ಒದಗಿದ ಲಾಭನಷ್ಟವೇನು ಎಂದು ವಿಚಾರಿಸಿದವರು ವಿರಳ.

ಬಂಟ, ಬಿಲ್ಲವ, ಮೊಗವೀರರಲ್ಲಿ ಅಳಿಯಸಂತಾನದ ಕಟ್ಟಿನಂತೆ ಆಸ್ತಿಯು ಹೆಣ್ಣಿನ ಸಂತತಿಯಲ್ಲಿ ಸಾಗುತ್ತಿತ್ತು. ಹೆಂಡತಿ ಗಂಡನ ಮನೆಯಲ್ಲಿ ಬಾಳಿದರೂ ಅವಳ ಹಕ್ಕು ತಾಯಮನೆಯ ಕುಟುಂಬದಲ್ಲಿಯೇ. ಆದುದರಿಂದ ಭೂಮಿಯುಳ್ಳ ಮನೆಯ ಹೆಣ್ಣಿಗೆ, ಗಂಡನು ಮುಂಬಯಿಯಲ್ಲಿ ಸೋತರೂ ಅನ್ನಕ್ಕೆ ಚ್ಯುತಿಯಿರಲಿಲ್ಲ. ತೊಡಕು ಬರುತ್ತಿದ್ದುದು ಅವನು ಗೆದ್ದಾಗ. ಸ್ವಯಾರ್ಜಿತವನ್ನು ಬದುಕಿರುವವರೆಗೆ ಅವನು ಇಚ್ಛೆ ಬಂದವರಿಗೆ ಕೊಡಬಹುದಿತ್ತು; ಉಯಿಲು ಬರೆಯದೆ ತೀರಿಕೊಂಡರೆ ಅದು ಅವನ ಕುಟುಂಬಕ್ಕೆ, ಎಂದರೆ ತಾಯಿ, ಸೋದರಿಯರು ಮತ್ತು ಅವರ ಮಕ್ಕಳಿಗೆ ಸಲ್ಲುತ್ತಿತ್ತು. ಹೆಂಡತಿಯೂ ಅವಳ ಮಕ್ಕಳೂ ಬೇರೆ ಕುಟುಂಬದವರು. ಈ ಕಟ್ಟು ಸ್ತ್ರೀಯನ್ನು ಎತ್ತಿಹಿಡಿಯಿತೆಂದು ಹೊಗಳುವವರು, ಹಾಗೆ ಎತ್ತಿದ್ದು ಸೋದರಿಯನ್ನು, ಪತ್ನಿಯನ್ನಲ್ಲ ಎಂಬುದನ್ನು ಮರೆಯುತ್ತಾರೆ.

ದಾರಿಗಳು ಇರಲಿಲ್ಲವೆಂದಲ್ಲ. 1898ರ ಮಲಬಾರ್ ಉಯಿಲು ಶಾಸನವು ಅಳಿಯಸಂತಾನದವರಿಗೂ ಉಯಿಲಿನ ಅಧಿಕಾರವುಂಟೆಂದು ಸ್ಪಷ್ಟಪಡಿಸಿತ್ತು. ಇನ್ನೊಂದು ದಾರಿ ಜೀವವಿಮೆ. 1874ರ ವಿವಾಹಿತ ಸ್ತ್ರೀಯರ ಆಸ್ತಿ ಶಾಸನದ 6ನೆಯ ಕಲಮಿನಂತೆ, ಗಂಡನು ಹೆಂಡತಿಮಕ್ಕಳ ಹಿತಕ್ಕೆಂದು ಇಳಿಸಿದ ವಿಮೆಯ ಹಣವನ್ನು ಸಾಲಕೊಟ್ಟವರೂ ಮುಟ್ಟುವಂತಿಲ್ಲ, ಅದು ಅವನ ಆಸ್ತಿಯಲ್ಲಿ ಸೇರುವುದೂ ಇಲ್ಲ. 1923ರ ತಿದ್ದುಪಡಿಯು ಇದನ್ನು ಹಿಂದೂಗಳಿಗೂ ಅನ್ವಯಿಸಿತು. ಮದರಾಸು ಪ್ರಾಂತದಲ್ಲಿ 1913ರ ಡಿಸೆಂಬರ್ 31ರ ನಂತರದ, ಉಳಿದೆಡೆ 1923ರ ಏಪ್ರಿಲ್ 1ರ ನಂತರದ ವಿಮೆಗಳಿಗೆ. ಈ ಒಂದು ವಿಷಯದಲ್ಲಿ ಮಂಗಳೂರು ಮುಂಬಯಿಗಿಂತ ಒಂಬತ್ತು ವರ್ಷ ಮುಂದಿತ್ತು!

ಇನ್ನು ಖೋಲಿಯ ಮಾತು. 1947ರ ಮುಂಬಯಿ ಬಾಡಿಗೆ ಶಾಸನದಂತೆ ಬಾಡಿಗೆದಾರನು ಸತ್ತರೆ ಹಕ್ಕು ದೊರೆಯುತ್ತಿದ್ದುದು ಆಗ ಅವನೊಡನೆ ವಾಸವಾಗಿದ್ದ ಮನೆಯವರಿಗೆ. ತಾಯಮನೆಯ ಗದ್ದೆಯನ್ನು ನೋಡಿಕೊಳ್ಳಲು ಹೆಂಡತಿ ಊರಿನಲ್ಲಿ ಉಳಿದಳೆಂದರೆ, ಚಾಳಿನ ಆ ಖೋಲಿಯು ಮಾವನೊಡನಿದ್ದ ಅಳಿಯನಿಗೆ ಸೇರುವ ಸಂಭವವಿತ್ತು. ಗದ್ದೆಯನ್ನು ಬಿಟ್ಟು ಬಂದಳೆಂದರೆ ಅಲ್ಲಿಯ ಹಿಡಿತ ಸಡಿಲುತ್ತಿತ್ತು. ದಂಪತಿಗಳು ಎರಡರಲ್ಲೊಂದನ್ನು ಆರಿಸಬೇಕಾಗಿತ್ತು. ಮಳೆಗಾಲದಲ್ಲಿ ಹಡಗಿನ ಸಂಚಾರವೂ ನಿಲ್ಲುತ್ತಿದ್ದ ಆ ದಿನಗಳಲ್ಲಿ ಎರಡನ್ನೂ ಕಾಯುವುದು ಸುಲಭವಾಗಿರಲಿಲ್ಲ.

1949ರ ಮದರಾಸು ಅಳಿಯಸಂತಾನ ಶಾಸನವು ವಿವಾಹ, ಜೀವನಾಂಶ, ಉತ್ತರಾಧಿಕಾರ, ಪಾಲು ಇವುಗಳನ್ನೆಲ್ಲ ಕೈಗೆತ್ತಿಕೊಂಡಿತು. 1956ರ ಜೂನ್ 17ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಶಾಸನದಲ್ಲಿ ವಿಧವೆ, ಮಕ್ಕಳು, ತಾಯಿ ಮೊದಲನೆಯ ವರ್ಗದಲ್ಲಿ ನಿಂತರು. ಸೋದರಿಯ ಮಗ ಎರಡನೆಯ ವರ್ಗದ ನಾಲ್ಕನೆಯ ಸಾಲಿಗೆ ಸರಿದ. ಆದರೆ ಅದೇ ಶಾಸನದ 17ನೆಯ ಕಲಮನ್ನು ಓದಿದವರು ಕಡಿಮೆ. ಅಳಿಯಸಂತಾನದ ಹೆಣ್ಣು ಉಯಿಲಿಲ್ಲದೆ ತೀರಿಕೊಂಡರೆ ಅವಳ ಆಸ್ತಿ ಮೊದಲು ಮಕ್ಕಳಿಗೆ ಮತ್ತು ತಾಯಿಗೆ. ಗಂಡನು ಅವಳ ತಂದೆಯೊಡನೆ ಎರಡನೆಯ ಸಾಲಿನಲ್ಲಿ. ಇತರ ಹಿಂದೂ ಸ್ತ್ರೀಯರ ಗಂಡಂದಿರಿಗಾದರೋ ಮಕ್ಕಳ ಜೊತೆಗೆ ಮೊದಲನೆಯ ಸಾಲೇ. ಇಂದು ಅಂಧೇರಿಯಲ್ಲೋ ಮುಲುಂಡಿನಲ್ಲೋ ಇಬ್ಬರ ಸಂಬಳವನ್ನೂ ಸುರಿದು ಹೆಂಡತಿಯ ಹೆಸರಿನಲ್ಲಿ ಮನೆ ಕೊಂಡಿರುವ ನಮ್ಮ ಬಂಟ ದಂಪತಿಗಳಿಗೂ ಈ ಕಲಮೇ ಅನ್ವಯಿಸುತ್ತದೆ.