ಸಸ್ಯಗಳಲ್ಲಿ ಪೀಳಿಗೆ ಪರ್ಯಾಯ: ಕಲ್ಪನೆಯ ಚರಿತ್ರೆ
ಸಸ್ಯದ ಜೀವನಚಕ್ರದಲ್ಲಿ ಎರಡು ಬಗೆಯ ದೇಹಗಳು ಸರದಿಯಂತೆ ಬರುವುದೇ ಪೀಳಿಗೆ ಪರ್ಯಾಯ. ಒಂದು ಬೀಜಕಗಳನ್ನು ಉದುರಿಸುತ್ತದೆ; ಅದು ಬೀಜಕ ಪೀಳಿಗೆ. ಆ ಬೀಜಕ ಮೊಳೆತು ಹುಟ್ಟುವ ಇನ್ನೊಂದು ಅಂಡ, ಪುರುಷಾಣುಗಳನ್ನು ತಯಾರಿಸುತ್ತದೆ; ಅದು ಲಿಂಗಾಣು ಪೀಳಿಗೆ.

ಈ ಕಲ್ಪನೆ ಮೂಡಿದ್ದು ಮಾತ್ರ ಕಡಲಪ್ರಾಣಿಯಿಂದ. ನೆರಳು ಮಾರಿಕೊಂಡವನ ಕಥೆ ಬರೆದು ಹೆಸರಾಗಿದ್ದ ಜರ್ಮನ್ ಕವಿ ಶಾಮಿಸ್ಸೊ ರಷ್ಯದ ಹಡಗೊಂದರಲ್ಲಿ ಲೋಕ ಸುತ್ತಿ ಬಂದ. ಸಾಲ್ಪ ಎಂಬ ಪಾರದರ್ಶಕ ಜೀವಿಯಲ್ಲಿ ಮಗಳು ತಾಯಿಯನ್ನಲ್ಲ, ಅಜ್ಜಿಯನ್ನು ಹೋಲುತ್ತಾಳೆಂದು 1819ರಲ್ಲಿ ಪ್ರಕಟಿಸಿದ. ಡೆನ್ಮಾರ್ಕಿನ ಸ್ಟೀನ್‌ಸ್ಟ್ರಪ್ 1842ರಲ್ಲಿ ಜೆಲ್ಲಿ ಮೀನು, ಪರೋಪಜೀವಿ ಹುಳುಗಳಿಗೂ ಇದನ್ನು ವಿಸ್ತರಿಸಿದ.

ಗಿಡಗಳಲ್ಲಿ ತಲೆಕೆಡಿಸಿದ್ದು ಜರೀಗಿಡ. ಹೂವಿಲ್ಲ, ಬೀಜವಿಲ್ಲ, ಹಾಗಾದರೆ ಗಂಡು ಹೆಣ್ಣು ಎಲ್ಲಿ? ಉತ್ತರ ಇದ್ದದ್ದು ನೆಲದಲ್ಲಿ. ಬೀಜಕ ಬಿದ್ದ ಒದ್ದೆ ಮಣ್ಣಿಗೆ ಅಂಟಿಕೊಂಡು ಉಗುರಿಗಿಂತ ಚಿಕ್ಕದಾದ, ಹೃದಯದ ಆಕಾರದ ಹಸಿರು ಪದರವೊಂದು ಬೆಳೆಯುತ್ತದೆ. ಅದನ್ನು ಮಗುಚಿ ಸೂಕ್ಷ್ಮದರ್ಶಕದಡಿ ಇಟ್ಟರೆ ಬೇರೆಳೆಗಳ ನಡುವೆ ಗುಂಡನೆಯ ಪುರುಷಾಂಗಗಳು, ಮೇಲಿನ ಕಚ್ಚಿನ ಹತ್ತಿರ ಮೋಟು ಕತ್ತಿನ ಹೂಜಿಯಂಥ ಸ್ತ್ರೀ ಅಂಗಗಳು. ನೀರು ಸೋಕಿದರೆ ಸಾಕು, ಸುರುಳಿ ಸುತ್ತಿದ ಪುರುಷಾಣುಗಳು ಈಜುತ್ತ ಹೊರಡುತ್ತವೆ. ಗಂಡು ಭಾಗವನ್ನು 1844ರಲ್ಲಿ ಸಸ್ಯವಿಜ್ಞಾನಿ ನೇಗೆಲಿ ಕಂಡ. ಹೆಣ್ಣು ಭಾಗವನ್ನೂ ಅಲ್ಲಿಂದ ಹೊಸ ಗಿಡ ಏಳುವುದನ್ನೂ 1848ರಲ್ಲಿ ಪೋಲಿಷ್ ಸಂಶೋಧಕ ಲೆಶ್ಚಿಚ್-ಸುಮಿನ್‌ಸ್ಕಿ ತೋರಿಸಿದ.

ಈ ಬಿಡಿ ಸಂಗತಿಗಳನ್ನು ಪೋಣಿಸಿದವನು ಕಾಲೇಜು ಓದದ ವಿಲ್‌ಹೆಲ್ಮ್ ಹಾಫ್‌ಮೈಸ್ಟರ್. ಲೈಪ್‌ಜಿಗ್‌ನಲ್ಲಿ ಮನೆತನದ ಸಂಗೀತ ಪುಸ್ತಕಗಳ ವ್ಯಾಪಾರ ನೋಡಿಕೊಳ್ಳುತ್ತಿದ್ದ. ಬೆಳಗಿನ ಜಾವದಲ್ಲಿ ಸಸ್ಯಗಳನ್ನು ಕೊಯ್ದು ನೋಡುತ್ತಿದ್ದ. ದೂರದ್ದು ಕಾಣದ ಅವನ ಕಣ್ಣಿಗೆ ಈ ಕೆಲಸ ಹೇಳಿಮಾಡಿಸಿದಂತಿತ್ತೇನೋ. ಹಾವಸೆಯಲ್ಲಿ ಎಲೆಯುಳ್ಳ ಹಸಿರು ಗಿಡವೇ ಲಿಂಗಾಣು ಪೀಳಿಗೆ, ಅದರ ತುದಿಯ ಕಡ್ಡಿ-ಕೋಶ ಬೀಜಕ ಪೀಳಿಗೆ. ಜರೀಗಿಡದಲ್ಲಿ ದೊಡ್ಡದು ಬೀಜಕ ಪೀಳಿಗೆ. ಪೈನ್ ಮರದಲ್ಲಿ ಹೆಣ್ಣು ಲಿಂಗಾಣು ಪೀಳಿಗೆ ಅಂಡಕದೊಳಗೇ ಅಡಗಿದೆ ಎಂದು 1851ರಲ್ಲಿ, 27ನೇ ವಯಸ್ಸಿನಲ್ಲಿ ಸಾಧಿಸಿ ತೋರಿಸಿದ. ಡಾರ್ವಿನ್ನನ ವಿಕಾಸವಾದದ ಗ್ರಂಥಕ್ಕಿಂತ ಎಂಟು ವರ್ಷ ಮೊದಲೇ ಸಸ್ಯಲೋಕದ ನಂಟುಗಳು ಹೀಗೆ ಬಯಲಾದವು. ಅದಕ್ಕೆ ತಕ್ಕ ಕೀರ್ತಿ ಅವನಿಗೆ ಸಿಗಲಿಲ್ಲ. 1863ರಲ್ಲಿ ಹೈಡೆಲ್‌ಬರ್ಗ್ ಪ್ರಾಧ್ಯಾಪಕ ಹುದ್ದೆಯಂತೂ ಸಿಕ್ಕಿತು.

ಎರಡು ಪೀಳಿಗೆಗಳ ವ್ಯತ್ಯಾಸದ ಗುಟ್ಟು 1894ರಲ್ಲಿ ಬಿಚ್ಚಿಕೊಂಡಿತು. ಲಿಂಗಾಣು ಪೀಳಿಗೆಯಲ್ಲಿ ವರ್ಣತಂತುಗಳ ಒಂದೇ ಸೆಟ್, ಬೀಜಕ ಪೀಳಿಗೆಯಲ್ಲಿ ಎರಡು ಸೆಟ್ ಎಂದು ಸಸ್ಯವಿಜ್ಞಾನಿ ಸ್ಟ್ರಾಸ್‌ಬರ್ಗರ್ ವಿವರಿಸಿದ. ಬೀಜಸಸ್ಯಗಳಲ್ಲೂ ಈಜುವ ಪುರುಷಾಣು ಇರಬಹುದೆಂಬ ಹಾಫ್‌ಮೈಸ್ಟರನ ಊಹೆ 1896ರಲ್ಲಿ ನಿಜವಾಯಿತು. ಟೋಕಿಯೊದಲ್ಲಿ ಹಿರಾಸೆ ಅದನ್ನು ಗಿಂಕ್ಗೊ ಮರದಲ್ಲಿ ಕಂಡ. ಅದೇ ವರ್ಷ ಇಕೆನೊ ಸೈಕಸ್‌ನಲ್ಲಿ ಕಂಡ.